ಎರಡನೇ ಮಳೆ

ಆ ಇಳಿಜಾರಿನಲ್ಲಿ ಮೂವತ್ತೊಂದು ಮನೆ, ಮೂವತ್ತೊಂದು ಹೊಲ. ಯಾರದ್ದೂ ಎರಡು ಎಕರೆ ದಾಟುವುದಿಲ್ಲ. ಎಲ್ಲರೂ ಮೆಕ್ಕೆಜೋಳ ಬೆಳೆಯುವವರು, ಬದುವಿನುದ್ದಕ್ಕೂ ಹುರುಳಿಕಾಯಿ ಬಳ್ಳಿ ಹಬ್ಬಿಸುವವರು. ನೀರಿಗೆ ಮುಗಿಲೇ ಗತಿ. ಆದರೆ ಬಿತ್ತನೆ ಯಾವತ್ತು ಎಂದು ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದಕ್ಕೆ ‘ಗಡಿಯಾರ’ ಇದ್ದರು.

ಗಡಿಯಾರ ಎಂದರೆ ಮೇಲಿನ ಮನೆಯ ಯಜಮಾನರು. ವಯಸ್ಸು ಎಪ್ಪತ್ತೆರಡು, ಬೆನ್ನು ಇನ್ನೂ ನೆಟ್ಟಗೆ. ಮೊದಲ ಮಳೆ ಬಿದ್ದ ಮೂರನೇ ದಿನ ಬೆಳಿಗ್ಗೆ ಅವರು ಬೀಜದ ಚೀಲ ಹೆಗಲಿಗೇರಿಸಿ ಹೊಲಕ್ಕಿಳಿದರೆಂದರೆ ಕೆಳಗಿನ ಮೂವತ್ತು ಮನೆಗಳಲ್ಲೂ ಗಡಿಬಿಡಿ ಶುರುವಾಗುತ್ತಿತ್ತು. ಅವರ ಲೆಕ್ಕ ಸರಳ: ಮೊದಲ ಮಳೆಗೆ ಬೀಜ ಮೊಳೆಯುತ್ತದೆ, ಹತ್ತು ದಿನದೊಳಗೆ ಎರಡನೇ ಮಳೆ ಬಂದು ಮೊಳಕೆಯನ್ನು ಎತ್ತಿ ನಿಲ್ಲಿಸುತ್ತದೆ. ನಲವತ್ತು ವರ್ಷ ಈ ಲೆಕ್ಕ ತಪ್ಪಿರಲಿಲ್ಲ. ಈ ಕಥೆ ಅವರ ಸೊಸೆಯದು, ಹಾಗಾಗಿ ಇನ್ನು ಮುಂದೆ ಅವರನ್ನು ಮಾವ ಎಂದೇ ಕರೆಯೋಣ.

ಸೊಸೆ ಆ ಮನೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಗಂಡ ಹಾಲಿನ ವ್ಯಾನ್ ಓಡಿಸುತ್ತಿದ್ದ. ಬೆಳಕು ಹರಿಯುವ ಮೊದಲೇ ಹೊರಟರೆ ಮನೆಗೆ ಬರುವುದು ಮಧ್ಯಾಹ್ನ. ಅತ್ತೆ ತೀರಿಕೊಂಡ ಮೇಲೆ ಹೊಲದ ಕೆಲಸವೆಲ್ಲ ಮಾವ ಮತ್ತು ಸೊಸೆಯ ಪಾಲಿಗೆ ಬಿದ್ದಿತ್ತು. ಇಬ್ಬರೂ ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ಜಾತಿಯವರು. ಒಬ್ಬರ ಮೇಲೊಬ್ಬರಿಗೆ ಗೌರವವಿತ್ತು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಿದವರಲ್ಲ.

ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಯಲ್ಲಿ ಸೊಸೆ ಪೆನ್ಸಿಲ್‌ನಿಂದ ಗೆರೆ ಎಳೆಯುವ ಅಭ್ಯಾಸ ಇಟ್ಟುಕೊಂಡಿದ್ದಳು. ಅದು ಶುರುವಾದದ್ದು ಗಂಡನ ಸಲುವಾಗಿ. ಮಳೆ ಬಂದ ದಿನ ಮಣ್ಣುರಸ್ತೆಯಲ್ಲಿ ವ್ಯಾನ್ ಹೂತುಕೊಳ್ಳುತ್ತಿತ್ತು, ಹಾಲು ತಡವಾಗುತ್ತಿತ್ತು, ಡೇರಿಯ ಮ್ಯಾನೇಜರು “ಯಾವತ್ತು ಮಳೆ, ಯಾವತ್ತು ನೆಪ, ನಂಗೆ ಹೇಗಯ್ಯಾ ಗೊತ್ತಾಗ್ಬೇಕು?” ಎಂದು ರೇಗುತ್ತಿದ್ದರು. ಅವರ ಬಾಯಿ ಮುಚ್ಚಿಸಲು ಇವಳು ಗುರುತು ಹಾಕತೊಡಗಿದಳು. ಹನಿ ಉದುರಿದರೆ ಚುಕ್ಕೆ, ಒಳ್ಳೆಯ ಮಳೆಯಾದರೆ ಉದ್ದ ಗೆರೆ, ಪಕ್ಕದಲ್ಲಿ ತಾರೀಖು. ಮ್ಯಾನೇಜರು ಬದಲಾಗಿ ಹೋದರೂ ಗೆರೆ ಮಾತ್ರ ನಿಲ್ಲಲಿಲ್ಲ. ಒಂಬತ್ತು ವರ್ಷದ ಮಳೆ ಆ ಬಾಗಿಲ ಮೇಲೆ ಬಂದು ಕೂತಿತ್ತು.

ಹೋದ ಆರು ವರ್ಷಗಳಲ್ಲಿ ನಾಲ್ಕು ಸಲ ಇಳಿಜಾರಿನವರೆಲ್ಲ ಎರಡೆರಡು ಬಾರಿ ಬಿತ್ತಿದ್ದರು. ಮೊದಲ ಮಳೆಗೆ ಹುಟ್ಟಿದ ಪೈರು ಎರಡನೇ ಮಳೆ ಕಾಣದೆ ಸುಟ್ಟುಹೋಗುತ್ತಿತ್ತು. ಪ್ರತಿ ಸಲವೂ ಮಾವನ ಬಳಿ ಒಂದು ಕಾರಣ ಸಿದ್ಧವಾಗಿರುತ್ತಿತ್ತು. ಒಮ್ಮೆ ಬೀಜ ಕಳಪೆ, ಒಮ್ಮೆ ಗಾಳಿ ಜೋರು, ಒಮ್ಮೆ ಗೆದ್ದಲು. ನಾಲ್ಕನೇ ಸಲ ಏನೂ ಸಿಗದೆ, ಜನ ಆಳವಾಗಿ ಉಳಲಿಲ್ಲ ಎಂದು ಬೈದು ಸುಮ್ಮನಾದರು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಕೃಷಿ ಕಾಲೇಜಿನ ಒಬ್ಬ ಹುಡುಗಿ ಪ್ರಶ್ನೆಗಳ ಹಾಳೆ ಹಿಡಿದು ಮನೆಮನೆ ಸುತ್ತುತ್ತ ಬಂದಳು. ಮೇಲಿನ ಮನೆಯ ಮೆಟ್ಟಿಲ ಮೇಲೆ ಕೂತು, ಪೆನ್ನಿನ ಮುಚ್ಚಳ ತೆಗೆದು ಕೇಳಿದಳು.

“ತಾತ, ಇಪ್ಪತ್ತು ವರ್ಷದಲ್ಲಿ ಮಳೆ ಹೇಗಿದೆ ಅನ್ಸುತ್ತೆ? ಹೆಚ್ಚಾಗಿದೆ, ಕಡಿಮೆ ಆಗಿದೆ, ಹಾಗೇ ಇದೆ, ಗೊತ್ತಿಲ್ಲ. ಇದರಲ್ಲಿ ಒಂದು ಹೇಳಿ.”

“ಹಾಗೇ ಇದೆ ಅಂತ ಬರ್ಕೊ. ಬದಲಾಗಿರೋದು ಮಳೆ ಅಲ್ಲ, ಮನುಷ್ಯರು,” ಎಂದರು ಮಾವ.

ಎದುರುಮನೆಯವನು ಗೋಡೆಯಾಚೆಯಿಂದಲೇ ಸಿಡಿದ. ಐವತ್ತರ ಆಸುಪಾಸಿನ ಮನುಷ್ಯ, ಕಿಡಿ ತಾಗುವುದಕ್ಕೇ ಕಾಯುತ್ತಿದ್ದವನಂತೆ ಮಾತಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಪಟಾಕಿ. “ಏನು ದೊಡ್ಡಪ್ಪ ಹಾಗೇ ಇರೋದು? ಅರ್ಧಕ್ಕರ್ಧ ಕಡಿಮೆ ಆಗಿದೆ! ನಮ್ಮ ಬಾವಿ ನೋಡು ಬಾ ತಂಗಿ, ಕಪ್ಪೆ ಈಜೋದು ಬಿಟ್ಟು ನಡ್ಕೊಂಡು ಓಡಾಡುತ್ತೆ.”

ಹುಡುಗಿ ನಕ್ಕಳು. “ಆದ್ರೆ ಮಳೆಮಾಪಕದ ಲೆಕ್ಕ ನೋಡಿದ್ರೆ ವರ್ಷದ ಒಟ್ಟು ಮಳೆ ಹೆಚ್ಚುಕಮ್ಮಿ ಅಷ್ಟೇ ಇದೆ.”

“ಕೇಳಿಸ್ಕೊಂಡೆಯಾ?” ಎಂದು ಮಾವ ತೊಡೆ ತಟ್ಟಿಕೊಂಡರು.

ಚಹಾದ ಲೋಟ ಹಿಡಿದು ಬಂದ ಸೊಸೆ ಅಲ್ಲೇ ನಿಂತಳು. “ಒಟ್ಟು ಅಷ್ಟೇ ಇರಬಹುದು. ಎಷ್ಟು ದಿನದಲ್ಲಿ ಬಂತು ಅಂತ ನಿಮ್ಮ ಹಾಳೆಯಲ್ಲಿ ಇದೆಯಾ?”

ಹುಡುಗಿ ಹಾಳೆ ತಿರುವಿದಳು. ಇರಲಿಲ್ಲ. ಸೊಸೆ ಅವಳನ್ನು ಅಡುಗೆಮನೆಗೆ ಕರೆದೊಯ್ದು, ಕಪಾಟಿನ ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ, ಬಾಗಿಲನ್ನು ಬೆಳಕಿಗೆ ತಿರುಗಿಸಿದಳು. ಇಬ್ಬರೂ ಕೂತು ಎಣಿಸಿದರು. ಒಂಬತ್ತು ವರ್ಷದ ಹಿಂದೆ ಐವತ್ತೆಂಟು ಗೆರೆ. ಹೋದ ವರ್ಷ ಮೂವತ್ತೇಳು. ಮೊದಲ ಗೆರೆಗೂ ಎರಡನೆಯ ಗೆರೆಗೂ ನಡುವೆ ಮೊದಲ ಮೂರು ವರ್ಷ ಎಂಟು, ಹತ್ತು, ಏಳು ದಿನ. ಆಮೇಲೆ ಹದಿನೆಂಟು, ಇಪ್ಪತ್ತೆರಡು, ಒಂಬತ್ತು, ಹತ್ತೊಂಬತ್ತು, ಹತ್ತು, ಇಪ್ಪತ್ತೊಂದು.

“ನೀರು ಅಷ್ಟೇ, ದಿನ ಕಡಿಮೆ,” ಎಂದಳು ಸೊಸೆ. “ಬಂದಾಗ ಕೊಡದಲ್ಲಿ ಸುರಿದ ಹಾಗೆ ಬರುತ್ತೆ, ಹರಿದು ಹೋಗುತ್ತೆ. ಆಮೇಲೆ ಪತ್ತೆನೇ ಇರಲ್ಲ. ಮಾವ ಹೇಳೋದೂ ಸರಿ, ಎದುರುಮನೆಯವರು ಹೇಳೋದೂ ಸರಿ.”

“ಅಕ್ಕ, ಇದನ್ನ ಬರೆಯೋಕೆ ನಮ್ಮ ಹಾಳೆಯಲ್ಲಿ ಜಾಗನೇ ಇಲ್ವಲ್ಲ!” ಎಂದ ಹುಡುಗಿ, ಅಂಚಿನಲ್ಲಿ ಒತ್ತೊತ್ತಾಗಿ ಬರೆದುಕೊಂಡು ಬಾಗಿಲಿನ ಫೋಟೊ ತೆಗೆದಳು.

ಮಾವ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. “ಕಪಾಟು ನೋಡಿ ಬಿತ್ತೋ ಕಾಲ ಬಂತಾ?” ಎಂದು ಯಾರಿಗೂ ಅಲ್ಲದಂತೆ ಹೇಳಿ ಹೊರಗೆ ಹೋದರು.

ಮೊದಲ ಮಳೆ ಒಂದು ಮಧ್ಯಾಹ್ನ ಬಂತು. ಒಂದೂವರೆ ಗಂಟೆ ಮುಗಿಲೇ ಹರಿದು ಬಿದ್ದಂತೆ ಸುರಿಯಿತು. ಇಳಿಜಾರಿನ ಕಾಲುದಾರಿಗಳೆಲ್ಲ ಹಳ್ಳಗಳಾದವು, ಕೆಂಪು ನೀರು ಬದು ಹಾರಿ ಕೆಳಗೋಡಿತು. ಮಳೆ ನಿಂತದ್ದೇ ಜನ ಹೊರಗೆ ಬಂದು ನಿಂತರು. ಮಣ್ಣಿನ ವಾಸನೆಗೆ ಎಲ್ಲರ ಮುಖ ಅರಳಿತ್ತು. ಸೊಸೆ ಮಾತ್ರ ಗುದ್ದಲಿ ತೆಗೆದುಕೊಂಡು ಹೊಲಕ್ಕೆ ಹೋಗಿ ಒಂದು ಗುಂಡಿ ತೋಡಿದಳು. ಮೇಲೆ ನಾಲ್ಕು ಬೆರಳು ಹಸಿ, ಅದರ ಕೆಳಗೆ ಬೂದಿಯಂಥ ಒಣಮಣ್ಣು. ಒಂದು ಹಿಡಿ ತಂದು ಮಾವನ ಮುಂದೆ ಸುರಿದಳು.

“ಮೇಲೆ ಒದ್ದೆ ಬಟ್ಟೆ ಹಾಸಿದ ಹಾಗಿದೆ ಅಷ್ಟೆ, ಮಾವ. ಒಳಗೆ ಏನೂ ಇಳಿದಿಲ್ಲ.”

“ಒಳಗಿನದನ್ನ ಎರಡನೇ ಮಳೆ ನೋಡ್ಕೊಳ್ಳುತ್ತೆ.”

“ಅದು ಬರದಿದ್ರೆ?”

“ಬರದೆ ಎಲ್ಲಿಗೆ ಹೋಗುತ್ತೆ? ಅದಕ್ಕೇನು ಬೇರೆ ಊರಲ್ಲಿ ನೆಂಟರಿದ್ದಾರಾ?”

ಸೊಸೆಗೆ ನಗು ಬಂತು, ಆದರೂ ತಡೆದುಕೊಂಡಳು. “ಕೆಳಗಿನ ಅರ್ಧ ಎಕರೆ ನಂಗೆ ಬಿಡಿ. ನಾನು ಈಗ ಬಿತ್ತಲ್ಲ.”

ಹದಿನಾಲ್ಕು ವರ್ಷದಲ್ಲಿ ಅವಳು ಆ ಮನೆಯಲ್ಲಿ ‘ಇಲ್ಲ’ ಎಂದದ್ದು ಅದೇ ಮೊದಲು. ಮಾವ ಆ ಹಿಡಿ ಮಣ್ಣನ್ನು ಕಾಲಿನಿಂದ ಬದಿಗೆ ಸರಿಸಿದರು. “ಬಿಟ್ಟೆ,” ಎಂದರು. ಮುಂದಿನ ಎರಡು ದಿನ ಇಬ್ಬರ ನಡುವೆ ಓಡಾಡಿದ್ದು ಊಟದ ತಟ್ಟೆಗಳು ಮಾತ್ರ.

ಮೂರನೇ ದಿನ ಬೆಳಿಗ್ಗೆ ಮಾವ ಚೀಲ ಹೆಗಲಿಗೇರಿಸಿ ಮೇಲಿನ ಹೊಲಕ್ಕಿಳಿದರು. ಕೆಳಗಿನ ಮನೆಗಳಲ್ಲಿ ಟಿಲ್ಲರುಗಳು ಒಂದಾದ ಮೇಲೊಂದು ಕೆಮ್ಮಿ ಎದ್ದವು. ಸೊಸೆ ಹುರುಳಿಕಾಯಿ ಬಳ್ಳಿ ಹಬ್ಬಿಸಲು ಕೋಲು ನೆಡುತ್ತ ದೂರದಿಂದ ನೋಡುತ್ತಿದ್ದಳು. ಮಾವ ಒಂದು ಸಾಲು ಮುಗಿಸಿದರು, ಎರಡು, ಮೂರು. ನಾಲ್ಕನೆಯದರ ನಡುವೆ ನಿಂತರು.

ಅವರು ಯಾವಾಗಲೂ ಬರಿಗಾಲಲ್ಲಿ ಬಿತ್ತುವವರು. ಸಾಲಿನಲ್ಲಿ ಹಿಮ್ಮಡಿ ಊರಿದಾಗ ಒಳಗಿನಿಂದ ಬಿಸಿ ಪುಡಿಮಣ್ಣು ಬೆರಳ ಸಂದಿಗೆ ನುಗ್ಗಿತ್ತು. ಅಂಥದ್ದು ಹೋದ ವರ್ಷವೂ ನುಗ್ಗಿತ್ತು, ಅದರ ಹಿಂದಿನ ವರ್ಷವೂ. ಆಗೆಲ್ಲ ಮನಸ್ಸಿಗೆ ತಂದುಕೊಂಡಿರಲಿಲ್ಲ. ಈಗ ಕುಕ್ಕರಗಾಲಲ್ಲಿ ಕೂತು ಕೈಯಿಂದಲೇ ಕೆದಕಿದರು. ಹತ್ತು ಹೆಜ್ಜೆ ಆಚೆ ಹೋಗಿ ಇನ್ನೊಂದು ಕಡೆ, ಬದುವಿನ ಹತ್ತಿರ ಮತ್ತೊಂದು ಕಡೆ. ಆಮೇಲೆ ಬದುವಿನ ಮೇಲೆ ಕೂತರು.

“ಗುದ್ದಲಿ ತಗೊಂಡು ಬಾಮ್ಮ,” ಎಂದು ಕೂಗಿದರು.

ಸೊಸೆ ಬಂದಳು.

“ಎಷ್ಟು ಹಸಿ ಇರಬೇಕು ಅಂತೀಯ?”

“ಒಂದು ಮೊಳ. ಅಷ್ಟಿದ್ರೆ ಇಪ್ಪತ್ತು ದಿನ ಮಳೆ ಬರದಿದ್ರೂ ಪೈರು ತಡ್ಕೊಳ್ಳುತ್ತೆ.”

“ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ. ಆ ನಾಲ್ಕು ವರ್ಷ ಒಣಗಿದ ಪೈರು ಕಿತ್ತು ಕಿತ್ತು ಬೇರು ನೋಡಿದ್ದೀನಿ, ಎಲ್ಲ ನಾಲ್ಕೈದು ಬೆರಳಿಗೇ ನಿಂತಿದ್ವು. ಗೊಬ್ಬರದ ಗುಂಡಿ ಪಕ್ಕ ನೀರು ನಿಲ್ಲುತ್ತಲ್ಲ, ಅಲ್ಲಿದ್ದ ಹತ್ತಿಪ್ಪತ್ತು ಗಿಡ ಮಾತ್ರ ನಾಲ್ಕು ವರ್ಷವೂ ಬದುಕಿದ್ವು. ಅಲ್ಲಿ ಅಗೆದ್ರೆ ಮೊಣಕೈವರೆಗೆ ಹಸಿ ಇತ್ತು.”

ಮಾವ ತಲೆ ಅಲ್ಲಾಡಿಸಿದರು. ಎದ್ದು ಚಪ್ಪಲಿ ಮೆಟ್ಟಿಕೊಂಡರು.

“ಎಲ್ಲಿಗೆ ಮಾವ?”

“ಬೇಡ ಅಂತ ಹೇಳೋಕೆ.”

“ನಾನು ಓಡಿಹೋಗಿ ಹೇಳಿ ಬರ್ತೀನಿ. ಬಿಸಿಲಿದೆ, ನೀವು ಕೂತ್ಕೊಳ್ಳಿ.”

“ಬಿತ್ತಿ ಅಂದವನು ನಾನು. ಬೇಡ ಅನ್ನೋದೂ ನನ್ನ ಬಾಯಲ್ಲೇ ಬರಬೇಕು.”

ಆ ಬೆಳಿಗ್ಗೆ ಅವರು ಮೂವತ್ತು ಮನೆಯ ಬಾಗಿಲಿಗೂ ಹೋದರು. ಪ್ರತಿ ಬಾಗಿಲಲ್ಲೂ ಒಂದೇ ಮಾತು: ನನ್ನ ಲೆಕ್ಕ ತಪ್ಪಿದೆ, ಬೀಜ ಕಟ್ಟಿಡಿ, ಸೊಸೆ ಹೇಳಿದಾಗ ಬಿತ್ತೋಣ. ಒಂಬತ್ತು ಮನೆಯವರದ್ದು ಆಗಲೇ ಮುಗಿದುಹೋಗಿತ್ತು. ಅವರ ಮುಂದೆ ನಿಂತಾಗ ಮಾವನ ದನಿ ಸಣ್ಣದಾಯಿತು, ಆದರೂ ಹೇಳದೆ ಬರಲಿಲ್ಲ.

ಪಟಾಕಿ ಟಿಲ್ಲರ್ ನಿಲ್ಲಿಸದೆಯೇ ಕಿರುಚಿದ. “ಏನು ದೊಡ್ಡಪ್ಪ, ಗಡಿಯಾರಕ್ಕೆ ಕೀಲಿ ಕೊಡೋದು ಮರೆತ್ರಾ?”

“ಆರು ವರ್ಷದಿಂದ ಮರೆತಿದ್ದೆ ಅಂತ ಇಟ್ಕೋ. ಮೊದಲು ಆ ಮೆಷಿನ್ ನಿಲ್ಸು.”

ಪಟಾಕಿಯ ನಗು ಅಲ್ಲೇ ನಿಂತಿತು. ಆ ಬಾಯಿಂದ ಸೋಲಿನ ಮಾತು ಅವನು ಕೇಳಿದ್ದೇ ಇಲ್ಲ. ಟಿಲ್ಲರ್ ಆರಿಸಿದ. “ಅರ್ಧ ಆಗೋಯ್ತು, ದೊಡ್ಡಪ್ಪ. ಉಳಿದಿದ್ದು ನಿಲ್ಲಿಸ್ತೀನಿ,” ಎಂದು ಮೆಲ್ಲಗೆ ಹೇಳಿದ.

ಕಾಯುವುದು ಎಂದರೆ ಏನೆಂದು ಸೊಸೆಗೆ ತಿಳಿದದ್ದು ಆಮೇಲೆ. ಮೊದಲ ಮಳೆಯಾಗಿ ಒಂಬತ್ತನೇ ದಿನ ಮೋಡ ಕವಿಯಿತು. ಬಿತ್ತಿದವರ ಹೊಲದಲ್ಲಿ ಹಸಿರು ಸಾಲು ಎದ್ದಿತ್ತು, ನೋಡಲು ಚೆಂದವಾಗಿತ್ತು. ಹನ್ನೆರಡನೇ ದಿನ ಅರ್ಧ ಗಂಟೆ ಮಳೆ ಬಂತು. ಅದು ನಿಲ್ಲುವ ಮೊದಲೇ ಮೂರ್ನಾಲ್ಕು ಹೆಂಗಸರು ಸೆರಗು ಹಿಂಡುತ್ತ ಮೇಲಿನ ಮನೆಗೆ ಬಂದರು.

“ಈಗಲಾದ್ರೂ ಬಿತ್ತಬಹುದಾ?” ಎಂದು ಮಾವನನ್ನು ಕೇಳಿದರು.

“ಒಳಗೆ ಕೇಳಿ,” ಎಂದರು ಮಾವ.

ಸೊಸೆ ಎಲ್ಲರನ್ನೂ ಹೊಲಕ್ಕೆ ಕರೆದುಕೊಂಡು ಹೋಗಿ ಅವರ ಕಣ್ಣೆದುರೇ ಅಗೆದಳು. ಆರು ಬೆರಳು. “ಇಲ್ಲಕ್ಕ. ಇನ್ನೂ ಇಲ್ಲ,” ಎಂದಳು. ಅವರು ಸೆರಗು ಕೊಡವಿಕೊಂಡು ಇಳಿದು ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಧ್ಯಾಹ್ನ ಗಂಡ ಊಟಕ್ಕೆ ಕೂತಾಗ ಅವಳು ಎದುರಿಗೇ ಕೂತಳು. “ರೀ, ನಾನು ತಪ್ಪಿದ್ರೆ ಇಪ್ಪತ್ತೆರಡು ಮನೆಯ ಫಸಲು ಹೋಗುತ್ತೆ.”

“ತಪ್ಪಿದ್ರೆ ನಿನ್ನ ಹಾಲಿನ ಕ್ಯಾನಿನೊಳಗೆ ಬಚ್ಚಿಟ್ಟು ಡೇರಿಗೆ ಸಾಗಿಸ್ತೀನಿ. ಮುಚ್ಚಳಕ್ಕೆ ತೂತು ಮಾಡಿರ್ತೀನಿ, ಹೆದರಬೇಡ.” ಅವಳು ನಗದಿದ್ದಾಗ ತಟ್ಟೆ ಸರಿಸಿ ಗಂಭೀರವಾದ. “ಅಗೆದು ನೋಡಿದ್ಯಲ್ಲ, ಊಹೆ ಮಾಡಿಲ್ವಲ್ಲ. ಮತ್ಯಾಕೆ ಭಯ? ಮುಂದೆ ಏನು ಬೇಕು ಹೇಳು.”

ಮುಂದೆ ಬೇಕಾದದ್ದು ಬೀಜ. ಮನೆಮನೆಯಲ್ಲಿದ್ದದ್ದು ನೂರಿಪ್ಪತ್ತು ದಿನದ ತಳಿ. ಇಷ್ಟು ತಡವಾಗಿ ಬಿತ್ತಿದರೆ ಅದರ ತೆನೆ ಹಾಲು ತುಂಬುವ ಹೊತ್ತಿಗೆ ಮಳೆಗಾಲವೇ ಮುಗಿದಿರುತ್ತಿತ್ತು. ತೊಂಬತ್ತು ದಿನದ್ದು ಬೇಕಿತ್ತು. ಬೀಜದಂಗಡಿಯವನನ್ನು ಕೇಳಿದರೆ “ಯಾರೂ ಕೇಳಲ್ಲ, ನಾನು ತರ್ಸಲ್ಲ” ಎಂದ. ಇಪ್ಪತ್ತೆರಡು ಮನೆಯವರು ಒಟ್ಟಿಗೆ ಅಂಗಡಿ ಮುಂದೆ ನಿಂತಾಗ, ಗೊಣಗುತ್ತಲೇ ಬಿಚ್ಚದ ಚೀಲಗಳನ್ನು ವಾಪಸು ತೆಗೆದುಕೊಂಡು ಪೇಟೆಯ ದೊಡ್ಡ ಅಂಗಡಿಗೆ ಫೋನ್ ಮಾಡಿದ. ಮರುದಿನದಿಂದ ಗಂಡ ಡೇರಿಯಲ್ಲಿ ಹಾಲಿಳಿಸಿ ಬರುವಾಗ ಖಾಲಿ ಕ್ಯಾನುಗಳ ನಡುವೆ ಬೀಜದ ಚೀಲ ಪೇರಿಸಿಕೊಂಡು ಬಂದ. ಮೂರು ದಿನ ಅದೇ ಕೆಲಸ.

ಮಾವ ಹೊಸ ಬೀಜವನ್ನು ಅಂಗೈಯಲ್ಲಿ ಹೊರಳಿಸಿ ಮೂಗು ಮುರಿದರು. “ಇದರ ತೆನೆ ಸಣ್ಣದು.”

“ಸಣ್ಣದಾದ್ರೂ ಮನೆಗೆ ಬರುತ್ತೆ, ಮಾವ.”

“ಮಾತಿಗೇನೂ ಕಡಿಮೆ ಇಲ್ಲ ನಿಂಗೆ. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ?” ಎಂದು ಮಾವ ಗದರಿಸಿದಂತೆ ಮಾಡಿದರು. ಬೀಜವನ್ನು ಮಾತ್ರ ಜೋಪಾನವಾಗಿ ಚೀಲಕ್ಕೆ ಸುರಿದರು.

ಹದಿನೆಂಟನೇ ದಿನಕ್ಕೆ ಒಂಬತ್ತು ಮನೆಯವರ ಹಸಿರು ಸಾಲುಗಳು ಹಳದಿಯಾದವು, ಇಪ್ಪತ್ತಕ್ಕೆ ಒಣಹುಲ್ಲಾದವು. ಪಟಾಕಿಯ ಹೊಲದಲ್ಲಿ ಅರ್ಧ ಒಣಗಿ ನಿಂತಿತ್ತು, ಅರ್ಧ ಖಾಲಿಯಿತ್ತು. ಯಾರೂ ನಗಲಿಲ್ಲ. ಸೊಸೆ ಒಂಬತ್ತು ಮನೆಯವರಿಗೂ ಹೊಸ ಬೀಜ ಸೇರಿಸಿಯೇ ತರಿಸಿದ್ದಳು.

ಇಪ್ಪತ್ಮೂರನೇ ದಿನ ಮಳೆ ಬಂತು. ಈ ಸಲ ಅಬ್ಬರವಿಲ್ಲ. ಸಂಜೆ ಹಿಡಿದದ್ದು ಮರುದಿನವಿಡೀ ಒಂದೇ ಸಮನೆ, ತೂಕ ಮಾಡಿ ಸುರಿದಂತೆ ಬಂತು. ಅದು ನಿಂತ ಬೆಳಿಗ್ಗೆ ಸೊಸೆ ಹೊಲಕ್ಕೆ ಹೋದಾಗ ಬದುವಿನ ಮೇಲೆ ಹತ್ತು ಹದಿನೈದು ಜನ ಆಗಲೇ ನಿಂತಿದ್ದರು. ಗುದ್ದಲಿ ಹಾಕಿದಳು. ಮಣ್ಣು ಹಿಟ್ಟಿನಂತೆ ಎದ್ದು ಬಂತು. ಕೈ ಇಳಿಸಿದಳು: ಮುಂಗೈ ಹೋಯಿತು, ಮೊಣಕೈವರೆಗೂ ಹೋಯಿತು, ಬೆರಳ ತುದಿಗೆ ಇನ್ನೂ ತಂಪು. ಮಾವ ಪಕ್ಕದಲ್ಲಿ ಮಂಡಿಯೂರಿ ತಾವೂ ಕೈ ಇಳಿಸಿದರು. ಇಬ್ಬರ ಕೈಗಳೂ ಅದೇ ಗುಂಡಿಯಲ್ಲಿದ್ದವು.

“ಹದ ಬಂದಿದೆ,” ಎಂದರು ಮಾವ. ಆಮೇಲೆ ಬದುವಿನತ್ತ ತಿರುಗದೆ, “ಹೇಳಮ್ಮ,” ಎಂದರು.

ಸೊಸೆ ಎದ್ದು ನಿಂತಳು. ಮಣ್ಣಾದ ಕೈಯನ್ನು ಹಾಗೇ ಎತ್ತಿದಳು. “ಬಿತ್ತಿ,” ಎಂದಳು.

ಮೂರು ದಿನದಲ್ಲಿ ಇಳಿಜಾರು ಪೂರ್ತಿ ಬಿತ್ತನೆಯಾಯಿತು. ಆ ಮಳೆಗಾಲ ಸುಲಭದ್ದೇನೂ ಆಗಿರಲಿಲ್ಲ. ಪೈರು ಮೊಣಕಾಲುದ್ದ ಇದ್ದಾಗ ಹದಿನೇಳು ದಿನ ಹನಿ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಸುರುಳಿ ಸುತ್ತಿಕೊಳ್ಳುತ್ತಿದ್ದವು, ಬೆಳಿಗ್ಗೆ ನೋಡಿದರೆ ಮತ್ತೆ ಬಿಚ್ಚಿಕೊಂಡಿರುತ್ತಿದ್ದವು. ಪಟಾಕಿ ದಿನಾ ಬಂದು “ಸತ್ತೇಹೋಯ್ತು” ಎನ್ನುತ್ತಿದ್ದ, ಮರುದಿನ ಬಂದು “ಎದ್ದುಕೂತಿದೆ ಕಣಮ್ಮ” ಎನ್ನುತ್ತಿದ್ದ. ಬೇರುಗಳು ಕೆಳಗಿಳಿದಿದ್ದವು. ಸೊಸೆ ಒಂದು ಗಿಡ ಕಿತ್ತು ಅವನಿಗೆ ತೋರಿಸಿದಳು.

ಕಟಾವಿಗೆ ಹನ್ನೆರಡು ದಿನವಿದ್ದಾಗ ದೊಡ್ಡ ಮಳೆ ಎರಡು ಒಂದರ ಹಿಂದೊಂದು ಬಂದವು. ಮೇಲಿನ ಹೊಲಗಳು ತಡೆದುಕೊಂಡವು. ಸೊಸೆ ಹಟ ಹಿಡಿದು ತನಗೆಂದು ಕೇಳಿ ಪಡೆದ ಆ ಕೆಳಗಿನ ಅರ್ಧ ಎಕರೆಯಲ್ಲಿ ಮಾತ್ರ ನೀರು ನಾಲ್ಕು ದಿನ ಕೆರೆಯಂತೆ ನಿಂತಿತು, ಮೂರನೇ ಒಂದು ಭಾಗ ಬುಡ ಕಳಚಿ ಮಲಗಿತು. ಬರುವ ಮಳೆಯ ಬಗ್ಗೆ ಅಷ್ಟೆಲ್ಲ ಯೋಚಿಸಿದವಳು ನಿಲ್ಲುವ ನೀರಿನ ಬಗ್ಗೆ ಯೋಚಿಸಿರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಪಟಾಕಿ ಮತ್ತು ಕೆಳಮನೆಯ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿಳಿದು ಬಿದ್ದ ಗಿಡಗಳಿಂದ ತೆನೆ ಮುರಿದು ಬುಟ್ಟಿಗೆ ತುಂಬಿದರು. ಬಿದ್ದದ್ದರಲ್ಲಿ ಅರ್ಧದಷ್ಟು ಉಳಿಯಿತು.

ಉಳಿದ ಕಡೆಯೆಲ್ಲ ಬೆಳೆ ನಿಂತಿತ್ತು. ತೆನೆ ಸಣ್ಣದೇ, ಮಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಎಲ್ಲ ಮನೆಗಳ ತಾರಸಿಯ ಮೇಲೂ ಕಾಳು ಹರಡಿತ್ತು. ಮೇಲಿನ ಮನೆಗೆ ಹದಿನಾಲ್ಕು ಚೀಲ ಬಂತು. ಹಿಂದಿನ ವರ್ಷ ಎರಡು ಸಲ ಬಿತ್ತಿ ಆರು ಚೀಲ ತೆಗೆದಿದ್ದರು.

ಮುಂದಿನ ಬೇಸಿಗೆ ಮುಗಿಯುವ ಮೊದಲೇ ಜನ ಸೊಸೆಯ ಬಳಿ ಬರತೊಡಗಿದರು. “ಈ ಸಲ ದಿನ ನೀವೇ ಹೇಳಿಬಿಡಿ ಅಕ್ಕ.”

“ನಾನು ಹೇಳಲ್ಲ,” ಎಂದಳು ಸೊಸೆ. “ನಮ್ಮ ಮೇಲಿನ ಹೊಲದ್ದು ಮರಳುಮಣ್ಣು, ನೀರು ಬೇಗ ಇಳಿಯುತ್ತೆ. ಎದುರುಮನೆಯವರದ್ದು ಜೇಡಿಮಣ್ಣು, ಇಳಿಯೋದು ನಿಧಾನ. ಒಂದೇ ದಿನ ಎರಡಕ್ಕೂ ಹೊಂದಲ್ಲ. ನಿಮ್ಮ ಹೊಲದಲ್ಲಿ ನೀವೇ ಅಗೆದು ನೋಡಿ.”

ಅಗೆಯುವುದು ಹೇಗೆ, ಎಷ್ಟು ಕಡೆ ಅಗೆಯಬೇಕು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಾಗ ಎಂಥ ಉಂಡೆಯಾಗಬೇಕು ಎಂಬುದನ್ನೆಲ್ಲ ಕಲಿಸುವ ಕೆಲಸ ಮಾವ ವಹಿಸಿಕೊಂಡರು. ಅವರಿಗೆ ಅದು ಬಲು ಇಷ್ಟದ ಕೆಲಸವಾಯಿತು. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೂ ಬರುತ್ತಿರಲಿಲ್ಲ. ಯಾರದ್ದೋ ಹೊಲದಲ್ಲಿ ಯಾರಿಗೋ ಬೈಯುತ್ತ ಕೂತಿರುತ್ತಿದ್ದರು.

ಒಂದು ಮುಂಜಾನೆ ಮಾವ ಸೊಸೆ ಇಬ್ಬರೂ ಕೆಳಗಿನ ಅರ್ಧ ಎಕರೆಯಲ್ಲಿ ನಿಂತಿದ್ದರು. ನೀರು ಹೊರಗೆ ಹೋಗಲು ಕಾಲುವೆ ತೋಡಬೇಕಿತ್ತು.

“ಎಡಕ್ಕೆ ತೆಗೆದು ಹಳ್ಳಕ್ಕೆ ಬಿಡೋಣ,” ಎಂದರು ಮಾವ.

“ಬಂದ ನೀರನ್ನ ಹಳ್ಳಕ್ಕೆ ಯಾಕೆ ಕೊಡೋದು? ಆ ಮೂಲೆಯಲ್ಲಿ ಹೊಂಡ ತೋಡೋಣ. ಹದಿನೇಳು ದಿನ ಮಳೆ ಬರದಿದ್ದಾಗ ಎರಡು ಕೊಡನಾದ್ರೂ ಮೊಗೀಬಹುದು.”

“ಹೊಂಡ ತೋಡಿದ್ರೆ ನಾಲ್ಕು ಸಾಲಿನ ಜಾಗ ಹೋಗುತ್ತೆ.”

“ಹೋದ ವರ್ಷ ಇಪ್ಪತ್ತು ಸಾಲು ಹೋಯ್ತು, ಮಾವ.”

ಮಾವ ಮೂಲೆಯತ್ತ ನಡೆದು, ನೆಲ ನೋಡಿ, ಹಿಮ್ಮಡಿಯಿಂದ ಎರಡು ಸಲ ಒತ್ತಿದರು. “ಇಲ್ಲಲ್ಲ. ಇನ್ನೂ ಮೂರು ಹೆಜ್ಜೆ ಕೆಳಗೆ. ಅಲ್ಲಿ ತಳ ಗಟ್ಟಿ ಇದೆ, ನೀರು ನಿಲ್ಲುತ್ತೆ,” ಎಂದರು. ಸೊಸೆ ಹಗ್ಗದ ತುದಿ ಹಿಡಿದು ಅಲ್ಲಿಗೆ ಹೋದಳು. ಮಾವ ಇನ್ನೊಂದು ತುದಿ ಹಿಡಿದು ಎಳೆದರು. ಹಗ್ಗ ಬಿಗಿಯಾದಾಗ ಅವಳು ಮೊದಲ ಗೂಟ ಹೊಡೆದಳು.